ಸಂಪರ್ಕ ಶೋಧನೆಯೂ ಮೊಬೈಲ್ ಫೋನೂ

ರೋಗವೊಂದು ಮನುಷ್ಯನಿಂದ ಮನುಷ್ಯನಿಗೆ ದಾಟುವುದೆಂದ ಮೇಲೆ, ಅದು ದಾಟಿ ಬಂದ ದಾರಿಯನ್ನೂ ಇನ್ನು ದಾಟಿ ಹೋಗಬಹುದಾದ ದಾರಿಯನ್ನೂ ಹುಡುಕಿ ಕಟ್ಟೆ ಹಾಕುವುದು ಅದರ ನಿಗ್ರಹಕ್ಕೆ ಮೊದಲ ಮೆಟ್ಟಿಲು. ಇದನ್ನೇ ಸಂಪರ್ಕ ಶೋಧನೆ ಎಂದು ಕರೆಯುವುದುಂಟು. 2020ರ ಕೊರೋನಾ ಮಹಾಮಾರಿಯ ಕಾಲದಲ್ಲಿ ಈ ಮಾತು ಮನೆಮನೆಯ ಮಾತಾಯಿತು. ಅದರೊಡನೆಯೇ, ಈ ಕೆಲಸವನ್ನು ಮೊಬೈಲ್ ಫೋನಿಗೆ ಒಪ್ಪಿಸಿಬಿಡಬಹುದೆಂಬ ಭರವಸೆಯೂ ಹುಟ್ಟಿತು. ಆ ಭರವಸೆ ಎಷ್ಟರ ಮಟ್ಟಿಗೆ ಕೈಗೂಡಿತು, ವಿಶೇಷತಃ ಎರಡು ರಾಜ್ಯಗಳ ನಡುವಣ ಗೆರೆಯ ಮೇಲೆ ಬಾಳುವ ಕಾಸರಗೋಡಿನ ನಮ್ಮಂಥವರ ಪಾಲಿಗೆ ಅದು ಏನಾಯಿತು ಎಂಬುದನ್ನು, ಆ ಗದ್ದಲವೆಲ್ಲ ಅಡಗಿದ ಈ ಹೊತ್ತಿನಲ್ಲಿ ಶಾಂತಚಿತ್ತದಿಂದ ವಿಚಾರಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಸಂಪರ್ಕ ಶೋಧನೆ ಹೊಸ ವಿದ್ಯೆಯಲ್ಲ. ನಮ್ಮ ಹಿಂದಿನ ತಲೆಮಾರಿನವರ ಮುಖಗಳ ಮೇಲೆ ಸಿಡುಬಿನ ಕಲೆಗಳನ್ನು ನೋಡುತ್ತ ಬೆಳೆದವರು ನಾವು. ಆ ಸಿಡುಬು ನಮ್ಮ ದೇಶವನ್ನು ಬಿಟ್ಟು ತೊಲಗಿದ್ದು ಕೇವಲ ಎಲ್ಲರಿಗೂ ಲಸಿಕೆ ಚುಚ್ಚಿದುದರಿಂದಲ್ಲ. ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವಿದ್ದ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಸಂತೆಗಳಿಗೂ ಶಾಲೆಗಳಿಗೂ ಮನೆಗಳಿಗೂ ಹೋಗಿ, "ಇಂಥವರನ್ನು ಎಲ್ಲಾದರೂ ಕಂಡಿರಾ?" ಎಂದು ಕೇಳಿದರು. ರೋಗಿ ಸಿಕ್ಕಿದಲ್ಲಿ ಅವನ ಸುತ್ತಲಿನವರನ್ನೆಲ್ಲ ಪತ್ತೆಹಚ್ಚಿ, ಅವರಿಗೆ ಲಸಿಕೆ ಹಾಕಿ, ರೋಗದ ಸುತ್ತ ಒಂದು ಬೇಲಿಯನ್ನು ಕಟ್ಟಿದರು. ಹೊಸ ರೋಗಿಯ ಸುದ್ದಿ ಕೊಟ್ಟವರಿಗೆ ಬಹುಮಾನವಿತ್ತು. ಕೊನೆಗೆ ಅದು 1,000 ರೂಪಾಯಿಯವರೆಗೆ ಏರಿತು. ಭಾರತದೊಳಗೆ ಹುಟ್ಟಿದ ಸಿಡುಬಿನ ಕಟ್ಟಕಡೆಯ ರೋಗಿ ಬಿಹಾರದಲ್ಲಿ ಕಾಣಿಸಿಕೊಂಡದ್ದು 1975ರ ಮೇ ತಿಂಗಳಲ್ಲಿ. ಒಂದು ಚಿತ್ರ, ಒಂದು ಪ್ರಶ್ನೆ, ನಡೆಯಬಲ್ಲ ಎರಡು ಕಾಲುಗಳು - ಆ ಕಾಲದ ಯಂತ್ರೋಪಕರಣಗಳು ಇಷ್ಟೇ ಎನ್ನಬಹುದು. ನಮ್ಮದೇ ರಾಜ್ಯದಲ್ಲಿ 2018ರಲ್ಲಿ ಕೋಝಿಕ್ಕೋಡಿನ ಕಡೆ ನಿಪಾ ಜ್ವರ ಬಂದಾಗಲೂ ಎರಡು ಸಾವಿರಕ್ಕೂ ಮಿಕ್ಕಿದ ಜನರ ಸಂಪರ್ಕ ಪಟ್ಟಿಯನ್ನು ಕೇಳಿ ಕೇಳಿಯೇ ಸಿದ್ಧಪಡಿಸಿದರು.

ಕೊರೋನಾ ನಮ್ಮ ಜಿಲ್ಲೆಗೆ ಬಹಳ ಬೇಗ ಬಂದಿತು. ಭಾರತದ ಮೊದಲ ಮೂವರು ರೋಗಿಗಳೂ ಚೀನದ ವುಹಾನಿನಿಂದ ಮರಳಿದ ಕೇರಳದ ವಿದ್ಯಾರ್ಥಿಗಳು. ಅವರಲ್ಲಿ ಮೂರನೆಯವರ ರೋಗ ದೃಢಪಟ್ಟದ್ದು 2020ರ ಫೆಬ್ರವರಿ 3ರಂದು, ನಮ್ಮ ಕಾಞಂಗಾಡಿನಲ್ಲಿ. ಅದು ಅಲ್ಲಿಗೇ ನಿಂತಿತು. ಮಾರ್ಚ್ ತಿಂಗಳಲ್ಲಿ ಕೊಲ್ಲಿ ರಾಷ್ಟ್ರಗಳಿಂದ ಜನ ಹಿಂದಿರುಗತೊಡಗಿದಾಗ ಮಾತ್ರ ಪರಿಸ್ಥಿತಿ ಬೇರೆಯಾಯಿತು. ಮಾರ್ಚ್ 27ರಂದು ಇಡೀ ಕೇರಳದಲ್ಲಿ ಹೊಸದಾಗಿ ಕಂಡುಬಂದ 39 ಮಂದಿ ರೋಗಿಗಳ ಪೈಕಿ 34 ಮಂದಿ ಕಾಸರಗೋಡಿನವರೇ ಆಗಿದ್ದರು. ಆ ದಿನಗಳಲ್ಲಿ 'ರೂಟ್ ಮ್ಯಾಪ್' ಎಂಬೊಂದು ಹೊಸ ಶಬ್ದ ನಮ್ಮ ನಾಲಗೆಗೆ ಹತ್ತಿತು. ರೋಗಿಯ ಹೆಸರನ್ನು ಹೇಳದೆ, ಆತ ಯಾವ ದಿನಾಂಕ ಎಷ್ಟು ಗಂಟೆಗೆ ಯಾವ ವಾಹನದಲ್ಲಿ ಎಲ್ಲಿಗೆ ಹೋದ, ಯಾವ ಅಂಗಡಿಯಲ್ಲಿ ನಿಂತ, ಯಾವ ಮದುವೆಯಲ್ಲಿ ಉಂಡ ಎಂಬುದನ್ನು ಆಡಳಿತವು ನಕ್ಷೆಯಾಗಿ ಬರೆದು ಪ್ರಕಟಿಸುತ್ತಿತ್ತು. ಆ ಹೊತ್ತಿಗೆ ಅಲ್ಲಿದ್ದವರು ತಾವಾಗಿಯೇ ಮುಂದೆ ಬಂದು ತಿಳಿಸಲಿ ಎಂಬುದು ಉದ್ದೇಶ. ಅನೇಕರು ಮುಂದೆ ಬಂದರು ಎಂಬುದೂ ನಿಜ. ಆದರೆ ಹೆಸರಿಲ್ಲದ ನಕ್ಷೆಯಲ್ಲಿ ಹೆಸರನ್ನು ಓದಿಕೊಳ್ಳಲು ಹಳ್ಳಿಯವರಿಗೆ ಎಷ್ಟು ಹೊತ್ತು ಬೇಕು? ಸಂಜೆಯೊಳಗೆ ಊರಿಗೆ ಊರೇ ಅದನ್ನು ಓದಿಬಿಡುತ್ತಿತ್ತು. ರೋಗಿಯ ಮನೆಯವರಿಗೆ ಹಾಲು ಹಾಕುವವರು ಹಿಂಜರಿದರು. ಅವನು ಚಹ ಕುಡಿದ ಹೋಟೇಲಿಗೆ ಮತ್ತೆ ತಿಂಗಳುಗಟ್ಟಲೆ ಗಿರಾಕಿಗಳಿಲ್ಲವಾದರು. ತಾನೆಲ್ಲಿಗೆ ಹೋಗಿದ್ದೆನೆಂದು ಒಬ್ಬ ರೋಗಿ ಪೂರ್ಣವಾಗಿ ಹೇಳದೆ ಇದ್ದುದರಿಂದ ಅದೇ ಮಾರ್ಚಿನಲ್ಲಿ ಜಿಲ್ಲಾಡಳಿತವು ಬಹಳ ಪೇಚಿಗೆ ಸಿಲುಕಿತು. ಇಬ್ಬರು ಶಾಸಕರೂ ಮನೆಯೊಳಗೆ ಪ್ರತ್ಯೇಕವಾಗಿ ಉಳಿಯಬೇಕಾಯಿತು. ಆತನನ್ನು ಆಗ ನಾಡೆಲ್ಲ ಬೈದಿತು. ಹೇಳುವುದಕ್ಕೆ ಮನುಷ್ಯ ಏಕೆ ಅಂಜುತ್ತಾನೆ ಎಂಬುದನ್ನು ಮಾತ್ರ ಯಾರೂ ವಿಚಾರಿಸಿದಂತೆ ಕಾಣೆವು.

ಮನುಷ್ಯನ ನೆನಪು ಸೋಲುತ್ತದೆ, ನಾಲಗೆ ಹಿಂಜರಿಯುತ್ತದೆ. ಇದಕ್ಕೆ ಪರಿಹಾರವಾಗಿ ಯಂತ್ರವನ್ನು ತರಬೇಕೆಂಬ ವಿಚಾರ ಹುಟ್ಟಿದುದು ಸಹಜವೇ. ಇನ್ನೊಂದು ಬಲವಾದ ಕಾರಣವೂ ಇತ್ತು. ಸಿಡುಬಿನ ರೋಗಿ ತಾನು ಹಾಸಿಗೆ ಹಿಡಿಯುವ ಮೊದಲು ರೋಗವನ್ನು ಹೆಚ್ಚಾಗಿ ಹರಡುತ್ತಿರಲಿಲ್ಲ; ಅವನ ಮೈಮೇಲಿನ ಗುಳ್ಳೆಗಳೇ ಅವನ ಗುರುತು. ಕೊರೋನಾದಲ್ಲಾದರೋ ಜ್ವರ ಕೆಮ್ಮುಗಳು ತೋರುವ ಮೊದಲೇ ಅದು ಮತ್ತೊಬ್ಬರಿಗೆ ದಾಟುತ್ತಿತ್ತು. ಕಾಗದ ಲೇಖನಿಗಳನ್ನು ಹಿಡಿದು ಹೊರಟವರು ಎಷ್ಟು ಚುರುಕಾಗಿದ್ದರೂ ಈ ರೋಗದ ಹಿಂದೆಯೇ ಓಡಬೇಕಾಗುತ್ತದೆ, ಫೋನುಗಳ ಮೂಲಕ ಕ್ಷಣಮಾತ್ರದಲ್ಲಿ ಎಚ್ಚರಿಕೆ ಮುಟ್ಟಿಸಿದರೆ ಅದನ್ನು ತಡೆಯಬಹುದು ಎಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರ ಮಾರ್ಚ್ ಕೊನೆಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಾದಿಸಿದರು. ಅದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ 20ರಂದು, ಸಿಂಗಾಪುರವು 'ಟ್ರೇಸ್‌ಟುಗೆದರ್' ಎಂಬ ಆ್ಯಪನ್ನು ಹೊರತಂದಿತ್ತು. ನಮ್ಮ ಕೇಂದ್ರ ಸರಕಾರದ 'ಆರೋಗ್ಯ ಸೇತು' ಬಂದದ್ದು ಏಪ್ರಿಲ್ 2ರಂದು.

ಈ ಆ್ಯಪುಗಳು ಕೆಲಸ ಮಾಡುವ ಬಗೆಯನ್ನು ಶಾಲೆಯ ಭಾಷೆಯಲ್ಲಿಯೇ ಹೇಳುವುದಾದರೆ ಅದೊಂದು ಹಾಜರಿ ಪುಸ್ತಕ. ಬ್ಲೂಟೂತ್ ಎಂಬುದು ಫೋನಿನೊಳಗಿನ ಅಲ್ಪಶಕ್ತಿಯ ರೇಡಿಯೋ. ಅದರ ದನಿ ಕೆಲವು ಮೀಟರುಗಳಾಚೆಗೆ ಕ್ಷೀಣಿಸುತ್ತದೆ. ಆ್ಯಪ್ ಇರುವ ಫೋನು ಆಗಾಗ ಒಂದು ಗುಪ್ತ ಸಂಖ್ಯೆಯನ್ನು ಕೂಗುತ್ತಿರುತ್ತದೆ. ಹತ್ತಿರದಲ್ಲಿರುವ ಅಂಥದೇ ಫೋನು ಅದನ್ನು ಕೇಳಿ ಬರೆದಿಟ್ಟುಕೊಳ್ಳುತ್ತದೆ. ದನಿ ಗಟ್ಟಿಯಾಗಿ ಕೇಳಿಸಿದರೆ ಸಮೀಪ, ಕ್ಷೀಣವಾಗಿ ಕೇಳಿಸಿದರೆ ದೂರ. ಮುಂದೆ ಅವರಲ್ಲೊಬ್ಬರಿಗೆ ರೋಗ ದೃಢಪಟ್ಟರೆ, ಆ ಬರೆಹಗಳನ್ನು ತಾಳೆ ನೋಡಿ, ಬಳಿಯಲ್ಲಿ ಇಷ್ಟು ನಿಮಿಷ ಇದ್ದವರಿಗೆಲ್ಲ ಎಚ್ಚರಿಕೆ ಹೋಗುತ್ತದೆ. ತಾಳೆ ನೋಡುವ ಸ್ಥಳ ಎಲ್ಲಿರಬೇಕು ಎಂಬುದರ ಮೇಲೆ ಜಗತ್ತಿನಲ್ಲಿ ಎರಡು ಪಂಥಗಳಾದವು. ಸರಕಾರದ ಒಂದು ದೊಡ್ಡ ಗಣಕದಲ್ಲಿ ನಡೆಯಲಿ ಎಂಬುದು ಒಂದು. ಅಲ್ಲ, ಪ್ರತಿಯೊಬ್ಬನ ಫೋನಿನೊಳಗೇ ನಡೆಯಲಿ, ಯಾರು ಯಾರನ್ನು ಕಂಡರೆಂಬುದು ಸರಕಾರಕ್ಕೂ ತಿಳಿಯದಿರಲಿ ಎಂಬುದು ಮತ್ತೊಂದು. ಆಪಲ್, ಗೂಗಲ್ ಸಂಸ್ಥೆಗಳು 2020ರ ಏಪ್ರಿಲಿನಲ್ಲಿ ಒಟ್ಟಾಗಿ ಎರಡನೆಯ ಪದ್ಧತಿಗೆ ಬೇಕಾದ ವ್ಯವಸ್ಥೆಯನ್ನು ಘೋಷಿಸಿದವು. ಜರ್ಮನಿ ಅದನ್ನು ಸ್ವೀಕರಿಸಿತು. ಇಂಗ್ಲೆಂಡು ಮೊದಲು ಕೇಂದ್ರ ಗಣಕದ ದಾರಿಯಲ್ಲಿ ನಡೆದು, ಜೂನ್ ತಿಂಗಳಲ್ಲಿ ಅದನ್ನು ಕೈಬಿಟ್ಟು ಇತ್ತ ಹೊರಳಿತು. ಸಿಂಗಾಪುರವೂ ಭಾರತವೂ ತಮ್ಮದೇ ದಾರಿಯಲ್ಲಿ ಮುಂದುವರಿದವು. ಆರೋಗ್ಯ ಸೇತು ಬ್ಲೂಟೂತ್ ಮಾತ್ರವಲ್ಲದೆ, ಮನುಷ್ಯ ಇರುವ ಜಾಗವನ್ನೇ ತಿಳಿಸುವ ಜಿ.ಪಿ.ಎಸ್. ಅನ್ನೂ ಬಳಸುತ್ತಿತ್ತು, ಹೆಸರು, ಪ್ರಾಯ, ಉದ್ಯೋಗ, ಫೋನ್ ಸಂಖ್ಯೆಗಳನ್ನೂ ಕೇಳುತ್ತಿತ್ತು.

ಯಂತ್ರದ ಮಿತಿಗಳನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬ್ಲೂಟೂತಿನ ತರಂಗಗಳನ್ನು ನೀರು ಹೀರಿಕೊಳ್ಳುತ್ತದೆ, ಮನುಷ್ಯನ ಮೈಯೋ ಬಹುಪಾಲು ನೀರು. ಆದುದರಿಂದ ಫೋನು ಎದೆಯ ಕಿಸೆಯಲ್ಲಿದ್ದರೆ ಒಂದು ಲೆಕ್ಕ, ಬೆನ್ನ ಚೀಲದಲ್ಲಿದ್ದರೆ ಇನ್ನೊಂದು. ತೆಳ್ಳಗಿನ ಗೋಡೆಯನ್ನು ಅದು ದಾಟಿಹೋಗುತ್ತದೆ, ರೋಗಾಣು ದಾಟುವುದಿಲ್ಲ. ಲೈನು ಮನೆಯಲ್ಲಿ ಪಕ್ಕದ ಕೋಣೆಯವನು ಮಲಗಿದ್ದರೂ ಯಂತ್ರಕ್ಕೆ ಅದು ಭೇಟಿಯೇ. ತೋಟದ ಬಯಲಿನಲ್ಲಿ ನಿಂತು ಆಡಿದ ಮಾತಿಗೂ ಕಿಟಕಿ ಮುಚ್ಚಿದ ಬಸ್ಸಿನೊಳಗಿನ ಮಾತಿಗೂ ಇರುವ ಅಂತರ ಅದಕ್ಕೆ ತಿಳಿಯದು. ಮುಚ್ಚಿದ ಕೋಣೆಯ ಗಾಳಿಯಲ್ಲಿ ಈ ರೋಗ ಎರಡು ಮೀಟರುಗಳನ್ನು ಮೀರಿಯೂ ಹೋಗಬಲ್ಲುದೆಂಬುದು ಆಮೇಲೆ ಸ್ಪಷ್ಟವಾಯಿತಷ್ಟೆ.

ಇವೆಲ್ಲಕ್ಕಿಂತ ದೊಡ್ಡದು ಒಂದು ಸರಳ ಗಣಿತ. ಇದನ್ನು ನಾವು ಏಳನೆಯ ತರಗತಿಯ ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇವೆ. ಇಬ್ಬರ ಭೇಟಿ ದಾಖಲಾಗಬೇಕಾದರೆ ಆ್ಯಪ್ ಇಬ್ಬರಲ್ಲಿಯೂ ಇರಬೇಕು. ನೂರು ಜನರಲ್ಲಿ ಐವತ್ತು ಮಂದಿಯ ಬಳಿ ಅದು ಇದ್ದರೆ ಅರ್ಧದಷ್ಟು ಭೇಟಿಗಳು ದಾಖಲಾಗುತ್ತವೆ ಎಂದು ಎಲ್ಲರೂ ಮೊದಲು ಹೇಳುತ್ತಾರೆ. ಹಾಗಲ್ಲ, ಅರ್ಧದ ಅರ್ಧ, ಎಂದರೆ ಕಾಲು ಭಾಗ ಮಾತ್ರ. ಮೂವತ್ತು ಮಂದಿಯ ಬಳಿ ಇದ್ದರೆ ನೂರು ಭೇಟಿಗಳಲ್ಲಿ ಸುಮಾರು ಒಂಬತ್ತು. ಹತ್ತು ಮಂದಿಯಾದರೆ ಒಂದೇ ಒಂದು. ಆರೋಗ್ಯ ಸೇತುವನ್ನು ನಲವತ್ತೊಂದು ದಿನಗಳಲ್ಲಿ 10 ಕೋಟಿ ಜನ ಇಳಿಸಿಕೊಂಡರೆಂದು ಆಗ ಹೆಮ್ಮೆಯಿಂದ ಹೇಳಲಾಯಿತು. ಸಂಖ್ಯೆ ದೊಡ್ಡದೇ. 130 ಕೋಟಿಗೂ ಮಿಕ್ಕಿದ ಜನರಿರುವ ದೇಶದಲ್ಲಿ ಅದನ್ನು ಭಾಗಿಸಿ, ವರ್ಗ ಮಾಡಿ ನೋಡಿದರೆ ಉಳಿಯುವುದೆಷ್ಟು ಎಂಬ ಲೆಕ್ಕವನ್ನು ಓದುಗರ ಮನೆಯ ಮಕ್ಕಳೇ ಮಾಡಬಲ್ಲರು. ಜನರು ಒತ್ತಾಗಿರುವ ನಗರಗಳಲ್ಲಿ ಪ್ರಮಾಣ ಹೆಚ್ಚಿದ್ದಿರಬಹುದು, ಅದನ್ನು ಒಪ್ಪಬೇಕು. ನಮ್ಮ ಗುಡ್ಡದ ಬುಡದ ಮನೆಗಳ ಕಥೆಯೇ ಬೇರೆ.

ಅಲ್ಲಿ ಫೋನು ಒಬ್ಬನ ಸೊತ್ತಲ್ಲ, ಮನೆಯ ಸೊತ್ತು. 2020ರ ಜೂನ್ 1ರಂದು ಕೇರಳದಲ್ಲಿ 'ಫಸ್ಟ್ ಬೆಲ್' ಎಂಬ ಹೆಸರಿನಲ್ಲಿ ದೂರದರ್ಶನದ ಮೂಲಕ ಪಾಠಗಳು ಆರಂಭವಾದಾಗ, ಅದರ ಹಿಂದೆಯೇ ಅಭ್ಯಾಸಪತ್ರಗಳು ಫೋನಿಗೆ ಬರತೊಡಗಿದವು. ಹೀಗಾಗಿ ಹಗಲೆಲ್ಲ ಫೋನು ಮಕ್ಕಳ ಕೈಯಲ್ಲಿ. ಅಡಿಕೆ ಸುಲಿಯಲು, ಮೀನು ಮಾರಲು, ಪಡಿತರ ತರಲು ಹೋಗುವ ತಂದೆ ತಾಯಿ ಬರಿಗೈಯಲ್ಲಿ ಹೋಗುತ್ತಿದ್ದರು. ಊರೆಲ್ಲ ತಿರುಗಿದವನ ಆ್ಯಪ್ ಅವನು ಮನೆಯ ಜಗಲಿ ಬಿಟ್ಟು ಕದಲಿಲ್ಲವೆಂದು ಸಾಕ್ಷಿ ಹೇಳುತ್ತಿತ್ತು! ಫೋನು ಜತೆಗಿದ್ದವರೂ ಚಾರ್ಜು ಉಳಿಸಲೆಂದು ಬ್ಲೂಟೂತನ್ನು ಆರಿಸಿಡುವುದು ರೂಢಿ. ಗುಂಡಿ ಒತ್ತುವ ಹಳೆಯ ಫೋನುಗಳವರಿಗಾಗಿ 1921 ಎಂಬ ಸಂಖ್ಯೆಗೆ ಕರೆಮಾಡಿ ತಮ್ಮ ಆರೋಗ್ಯಸ್ಥಿತಿಯನ್ನು ತಿಳಿಸುವ ಸೌಕರ್ಯವನ್ನು ಸರಕಾರ ಒದಗಿಸಿತ್ತು. ಆದರೆ ಕರೆಯೊಂದು ಪಕ್ಕದಲ್ಲಿ ಕುಳಿತವನನ್ನು ಗುರುತಿಸಲಾರದಷ್ಟೆ.

ಇನ್ನು ಗಡಿಯ ಮಾತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಆದರೆ ನಮ್ಮ ಆಸ್ಪತ್ರೆ, ಕಾಲೇಜು, ಮಾರುಕಟ್ಟೆ, ನೆಂಟಸ್ತಿಕೆಗಳು ಮಂಗಳೂರಿನ ಕಡೆಗೇ ಉಳಿದವು. 2020ರ ಮಾರ್ಚಿನಲ್ಲಿ ಕರ್ನಾಟಕವು ತಲಪಾಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ವಾರವಾರವೂ ರಕ್ತಶುದ್ಧಿಗಾಗಿ ಮಂಗಳೂರಿಗೆ ಹೋಗುತ್ತಿದ್ದವರು ಇತ್ತ ಕಡೆ ಸಿಕ್ಕಿಬಿದ್ದರು. ಚಿಕಿತ್ಸೆಗೆ ದಾರಿ ಸಿಗದೆ ಪ್ರಾಣ ಬಿಟ್ಟವರಿದ್ದಾರೆ. ಕೇರಳದ ಉಚ್ಚ ನ್ಯಾಯಾಲಯವು ಏಪ್ರಿಲ್ 1ರಂದು ತಡೆ ತೆಗೆಯಬೇಕೆಂದು ಆದೇಶಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ರೋಗಿಗಳು ದಾಟುವುದಕ್ಕೆ ಒಂದು ಕ್ರಮ ಏರ್ಪಟ್ಟಿದೆಯೆಂಬ ಹೇಳಿಕೆಯ ಮೇಲೆ ಏಪ್ರಿಲ್ 7ರಂದು ಮುಗಿಯಿತು. ಅನಂತರದ ತಿಂಗಳುಗಳಲ್ಲಿ ದಾಟುವವನು ಕೇರಳದ 'ಜಾಗ್ರತಾ' ಜಾಲತಾಣದಲ್ಲಿ ಒಂದು ಅನುಮತಿ, ಕರ್ನಾಟಕದ 'ಸೇವಾ ಸಿಂಧು'ವಿನಲ್ಲಿ ಇನ್ನೊಂದು ಅನುಮತಿ ಪಡೆಯಬೇಕಾಯಿತು. ಅತ್ತ ಪ್ರತ್ಯೇಕವಾಸದಲ್ಲಿದ್ದವರು ಗಂಟೆಗೊಮ್ಮೆ ತಮ್ಮ ಮುಖದ ಚಿತ್ರವನ್ನು ತೆಗೆದು ಕರ್ನಾಟಕದ ಮತ್ತೊಂದು ಆ್ಯಪಿಗೆ ಕಳುಹಿಸಬೇಕಾಗಿತ್ತು; ರಾತ್ರಿ ನಿದ್ದೆಯ ಹೊತ್ತಿಗೆ ಮಾತ್ರ ವಿನಾಯಿತಿ. ಒಂದೇ ಕುಟುಂಬದ ಅಣ್ಣ ತಮ್ಮಂದಿರು ಗೆರೆಯ ಆಚೆ ಈಚೆ ಕುಳಿತು ಎರಡು ಬಗೆಯ ಯಂತ್ರಗಳಿಗೆ ಉತ್ತರ ಕೊಡುತ್ತಿದ್ದರೆನ್ನಬೇಕು.

ಆರೋಗ್ಯ ಸೇತುವಿಗೆ ಇದೊಂದು ವಿಷಯದಲ್ಲಿ ಹೆಚ್ಚುಗಾರಿಕೆಯಿತ್ತು. ಇಡೀ ದೇಶಕ್ಕೆ ಒಂದೇ ಆದುದರಿಂದ ಅದಕ್ಕೆ ತಲಪಾಡಿ ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ. ಕನ್ನಡದಲ್ಲಿಯೂ ಅದು ಓದಲು ಸಿಗುತ್ತಿತ್ತು. ಮಂಗಳೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತನನ್ನು ಯಾವ ಮನುಷ್ಯನ ನೆನಪೂ ಹೆಸರು ಹಿಡಿದು ಹೇಳಲಾರದು. ಅಲ್ಲಿ ಯಂತ್ರವೇ ಗತಿ. ಹಾಗಿದ್ದರೂ ಎಚ್ಚರಿಕೆ ಬಂದ ಬಳಿಕ ಬಾಗಿಲು ತಟ್ಟಬೇಕಾದವರು, ಪರೀಕ್ಷೆಗೆ ಕರೆದೊಯ್ಯಬೇಕಾದವರು, ಅಕ್ಕಿ ಮುಟ್ಟಿಸಬೇಕಾದವರು ಆಯಾ ರಾಜ್ಯದವರೇ. ಅವರ ಪಟ್ಟಿಗಳು ಗೆರೆಯ ಬಳಿಗೆ ಬಂದು ನಿಲ್ಲುತ್ತಿದ್ದವು. ಫೋನಿನ ಗೋಪುರಗಳಾದರೋ ಗೆರೆಯನ್ನು ಮಾನ್ಯ ಮಾಡುವುದೇ ಇಲ್ಲ. ಮಂಜೇಶ್ವರದ ಈಚೆ ಅಂಗಳದಲ್ಲಿ ನಿಂತವನ ಫೋನು ಎಷ್ಟೋ ಸಲ ಕರ್ನಾಟಕದ ಗೋಪುರವನ್ನು ಹಿಡಿದುಕೊಳ್ಳುತ್ತದೆ. ಗೋಪುರದ ಲೆಕ್ಕ ನೋಡಿದರೆ ಅವನು ರಾಜ್ಯವನ್ನೇ ದಾಟಿದವನು.

ಈ ಗೋಪುರದ ವಿಷಯ ನಗುವ ಮಾತಲ್ಲ. 2020ರ ಆಗಸ್ಟ್ ತಿಂಗಳಲ್ಲಿ ಕೇರಳ ಸರಕಾರವು ಸಂಪರ್ಕ ಶೋಧನೆಯ ಹೊಣೆಯನ್ನು ಪೊಲೀಸರಿಗೆ ಒಪ್ಪಿಸಿತು. ರೋಗಿಗಳ ಫೋನ್ ಕರೆಗಳ ದಾಖಲೆಯನ್ನು ತರಿಸಿಕೊಳ್ಳಲು ಪೊಲೀಸ್ ಇಲಾಖೆ ಮುಂದಾಯಿತು. ವಿರೋಧಪಕ್ಷದ ನಾಯಕರಾಗಿದ್ದ ರಮೇಶ್ ಚೆನ್ನಿತ್ತಲ ಅವರು ಅದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಗೋಪುರದ ವಿವರ ಮಾತ್ರ ಸಾಕೆಂದು ಸರಕಾರ ಹೇಳಿದ ಮೇಲೆ ವ್ಯಾಜ್ಯ ತೀರಿತು. ರೋಗಿಯಾಗುವುದು ಅಪರಾಧವಲ್ಲ, ಆದರೆ ಖಾಕಿ ಉಡುಪಿನವರು ಬಂದು ಕೇಳುವಾಗ ಅದು ಅಪರಾಧದಂತೆಯೇ ತೋರುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡೆವು.

ಕಂಡೆವು ಎಂದು ಹೇಳಲು ಕಾರಣವುಂಟು. ಅದೇ ವರ್ಷ ನಮ್ಮ ಜಿಲ್ಲೆಯಲ್ಲಿ 'ಮಾಷ್' ಎಂಬ ಯೋಜನೆಯನ್ನು ಆರಂಭಿಸಿ ಅಧ್ಯಾಪಕರನ್ನು ಕೊರೋನಾ ಕಾರ್ಯಕ್ಕೆ ನಿಯೋಜಿಸಿದರು. ಮೇಷ್ಟರನ್ನು ಮಲಯಾಳದಲ್ಲಿ ಮಾಷ್ ಎನ್ನುವುದು ವಾಡಿಕೆ. ಮಕ್ಕಳಿಲ್ಲದ ಶಾಲೆಯಲ್ಲಿ ಬರಿದೇ ಕುಳಿತಿದ್ದ ನಮಗೂ ಒಂದು ವಾರ್ಡು ದೊರೆಯಿತು. ಆಶಾ ಕಾರ್ಯಕರ್ತೆ, ಆರೋಗ್ಯ ಇಲಾಖೆಯ ದಾದಿ, ಪಂಚಾಯತು ಸದಸ್ಯರು, ಕುಟುಂಬಶ್ರೀಯ ಒಬ್ಬಿಬ್ಬರು ಮಹಿಳೆಯರು, ನಾವು - ಇಷ್ಟು ಮಂದಿಯ ಜಾಗ್ರತಾ ಸಮಿತಿ. ಕೈಗೆ ಬಂದ ಪ್ರಶ್ನಾವಳಿ ಮಲಯಾಳದಲ್ಲಿತ್ತು. ಉತ್ತರ ಹೇಳಬೇಕಾದವರು ತುಳುವರು, ಕನ್ನಡಿಗರು, ಬ್ಯಾರಿಗಳು, ಮರಾಟಿಗರು. ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟು, ಒಂದು ನೂರು ಪುಟದ ನೋಟ್ ಪುಸ್ತಕವನ್ನು ಕೊಂಡುಕೊಂಡು ಕನ್ನಡದಲ್ಲಿ ಬರೆದುಕೊಂಡೆವು.

"ಕಳೆದ ಹದಿನಾಲ್ಕು ದಿವಸಗಳಲ್ಲಿ ಯಾರುಯಾರನ್ನು ಭೇಟಿಯಾದಿರಿ?" ಎಂದು ಕೇಳಿದರೆ ಯಾರಿಗೂ ಉತ್ತರ ತೋಚುವುದಿಲ್ಲ. ಜನ ದಿನಾಂಕದಲ್ಲಿ ಬದುಕುವುದಿಲ್ಲ, ಕೆಲಸದಲ್ಲಿ ಬದುಕುತ್ತಾರೆ. ಅಡಿಕೆ ಒಣಗಲು ಹಾಕಿದ್ದು ಎಂದು? ಆ ದಿನ ಸಹಾಯಕ್ಕೆ ಬಂದವರಾರು? ಪಡಿತರ ಅಂಗಡಿಗೆ ಹೋದಾಗ ಮಳೆ ಇತ್ತೇ, ಎಲ್ಲಿ ನಿಂತಿರಿ? ಹೀಗೆ ಕೇಳಿದರೆ ದಾರದ ಉಂಡೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳದೆ ಇದ್ದರೆ ಅಲ್ಲೊಂದು ಗಂಟಿದೆ ಎಂದೇ ಅರ್ಥ. ಒಬ್ಬ ತಾಯಿ ಮಂಗಳವಾರ ಮಧ್ಯಾಹ್ನ ಎಲ್ಲಿಗೆ ಹೋಗಿದ್ದರೆಂಬುದನ್ನು ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ಆಶಾ ಕಾರ್ಯಕರ್ತೆಯನ್ನು ಬಾವಿಯ ಬಳಿಗೆ ಕರೆದು, ಮಗಳ ಬಳೆಗಳನ್ನು ಅಡವಿಡಲು ಪೇಟೆಗೆ ಹೋಗಿದ್ದೆನೆಂದು ಹೇಳಿದರು. ಗಂಡನಿಗೆ ಅದು ತಿಳಿಯಬಾರದು. ಇನ್ನೊಬ್ಬ ಯುವಕ, ಕೆಲಸಕ್ಕೆ ಹೋಗುವುದೇ ನಿಷಿದ್ಧವಾಗಿದ್ದ ದಿನಗಳಲ್ಲಿ ಒಂದು ಮನೆಯ ಟಾರಸಿ ಕೆಲಸಕ್ಕೆ ಗುಟ್ಟಾಗಿ ಹೋಗಿದ್ದ. ಕೊಟ್ಟ ಧಣಿಗೆ ತೊಂದರೆಯಾಗುವುದೆಂದು ಬಾಯಿಬಿಡಲಿಲ್ಲ. ಇವರಾರೂ ಸಮಾಜದ್ರೋಹಿಗಳಲ್ಲ. ಹೇಳಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಖಾತ್ರಿಯಾದ ಮೇಲೆ ಎಲ್ಲವನ್ನೂ ಹೇಳಿದರು. ಅಡವಿನ ಅಂಗಡಿಯಲ್ಲಿ ಆ ಹೊತ್ತಿಗೆ ಇದ್ದ ನಾಲ್ವರನ್ನು ಮರುದಿನವೇ ಪರೀಕ್ಷೆಗೆ ಕಳುಹಿಸಲು ಸಾಧ್ಯವಾಯಿತು. ಬಳೆಯ ವಿಷಯ ಪುಸ್ತಕಕ್ಕೆ ಏರಲಿಲ್ಲ.

ಆ್ಯಪ್ ಇದ್ದಿದ್ದರೆ ಆ ತಾಯಿ ಮೂರು ದಿನ ಕಾಯಬೇಕಾಗಿರಲಿಲ್ಲ, ಬಾವಿಕಟ್ಟೆಯ ಬಳಿ ತಲೆ ತಗ್ಗಿಸಬೇಕಾಗಿಯೂ ಇರಲಿಲ್ಲ ಎಂದು ಯಾರಾದರೂ ಹೇಳಬಹುದು. ಆ ವಾದದಲ್ಲಿ ಹುರುಳಿದೆ. ಯಂತ್ರಕ್ಕೆ ಕುತೂಹಲವಿಲ್ಲ, ಚಾಡಿಯೂ ಇಲ್ಲ. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ 2020ರ ಸೆಪ್ಟೆಂಬರ್ 24ರಿಂದ ಬಳಕೆಗೆ ಬಂದ ಆ್ಯಪು ಆ ವರ್ಷಾಂತ್ಯದೊಳಗೆ ಸುಮಾರು 2,84,000ದಿಂದ 5,94,000 ಮಂದಿಗೆ ರೋಗ ತಗಲದಂತೆ ತಡೆಯಿತೆಂದು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ. ಅಲ್ಲಿ ಜನಸಂಖ್ಯೆಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಅದನ್ನು ನಿಜವಾಗಿ ಬಳಸುತ್ತಿದ್ದರು. ಆದುದರಿಂದ ಯಂತ್ರವೇ ವ್ಯರ್ಥವೆಂದು ತಳ್ಳಿಹಾಕುವವರ ಗುಂಪಿಗೆ ನಾವು ಸೇರಲಾರೆವು. ಆದರೆ ಆ ಆ್ಯಪಿಗೆ ಬಳಸುವವನ ಹೆಸರೂ ಬೇಕಾಗಿರಲಿಲ್ಲ, ಅವನು ಯಾರನ್ನು ಕಂಡನೆಂಬುದು ಅವನ ಫೋನನ್ನು ಬಿಟ್ಟು ಹೊರಗೆ ಹೋಗುತ್ತಲೂ ಇರಲಿಲ್ಲ ಎಂಬುದನ್ನು ಜತೆಗೇ ನೆನಪಿಡಬೇಕು. ಬಾವಿಕಟ್ಟೆಯ ಬಳಿ ಆಶಾ ಕಾರ್ಯಕರ್ತೆ ಕೊಟ್ಟ ಭಾಷೆಯೇ ಅಲ್ಲಿ ಯಂತ್ರದ ರಚನೆಯೊಳಗೆ ಸೇರಿಕೊಂಡಿತ್ತು.

ಕೊಟ್ಟ ಭಾಷೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಸಿಂಗಾಪುರವೇ ಸಾಕ್ಷಿ. ಅಲ್ಲಿ ಬಹುತೇಕ ಜನ ಆ್ಯಪನ್ನೋ, ಫೋನಿಲ್ಲದವರಿಗಾಗಿ ಸರಕಾರ ಹಂಚಿದ ಸಣ್ಣ ಬಿಲ್ಲೆಯನ್ನೋ ಧರಿಸಿದ್ದರು. ಈ ಬಿಲ್ಲೆಯ ಉಪಾಯ ನಮಗೆ ಬಹಳ ಮೆಚ್ಚಿಕೆಯಾಯಿತು. ನಮ್ಮ ಅಜ್ಜಿಯಂದಿರ ಸೆರಗಿನ ತುದಿಗೂ ಒಂದನ್ನು ಕಟ್ಟಬಹುದಿತ್ತು. ಸಂಪರ್ಕ ಶೋಧನೆಗಲ್ಲದೆ ಮತ್ತಾವುದಕ್ಕೂ ಈ ದಾಖಲೆಯನ್ನು ಬಳಸುವುದಿಲ್ಲವೆಂದು ಮೊದಲು ಹೇಳಿದ್ದರು. 2021ರ ಜನವರಿಯಲ್ಲಿ, ಅಪರಾಧಗಳ ತನಿಖೆಗೆ ಪೊಲೀಸರು ಅದನ್ನು ಪಡೆಯಬಹುದು ಎಂದು ಅಲ್ಲಿನ ಸಂಸತ್ತಿನಲ್ಲಿಯೇ ಹೇಳಬೇಕಾಗಿ ಬಂತು. ಒಂದು ಕೊಲೆಯ ಪ್ರಕರಣದಲ್ಲಿ ಪಡೆದದ್ದೂ ಆಗಿತ್ತು. ಜನರು ಅಸಮಾಧಾನಗೊಂಡ ಕಾರಣ ಮರುತಿಂಗಳೇ ಕಾಯಿದೆ ತಂದು, ಏಳು ಬಗೆಯ ಘೋರ ಅಪರಾಧಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಿದರು.

ನಮ್ಮಲ್ಲಿಯೂ ಈ ಭಾಷೆಯ ವಿಚಾರ ನೆಟ್ಟಗೆ ನಡೆಯಲಿಲ್ಲ. ಸ್ವ ಇಚ್ಛೆಯಿಂದ ಬಳಸುವ ಸಾಧನವೆಂದು ಬಂದ ಆರೋಗ್ಯ ಸೇತುವನ್ನು 2020ರ ಮೇ 1ರ ಆದೇಶದಲ್ಲಿ ಎಲ್ಲ ನೌಕರರಿಗೂ ಕಡ್ಡಾಯಗೊಳಿಸಿದರು. ಮೇ 17ರ ಆದೇಶದಲ್ಲಿ 'ಆದಷ್ಟು ಪ್ರಯತ್ನಿಸಿ' ಎಂಬಷ್ಟಕ್ಕೆ ಇಳಿಸಿದರು. ಅದನ್ನು ಅಳವಡಿಸಿಕೊಳ್ಳದ ಕಾರಣಕ್ಕೆ ಸರಕಾರಿ ಸವಲತ್ತುಗಳನ್ನು ನಿರಾಕರಿಸುವಂತಿಲ್ಲವೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು ಅದೇ ಅಕ್ಟೋಬರಿನಲ್ಲಿ ಹೇಳಿತು; ಬಳಕೆದಾರನ ಅರಿವಿನ ಒಪ್ಪಿಗೆಯಿಲ್ಲದೆ ಮಾಹಿತಿಯನ್ನು ಬೇರೆಯವರೊಡನೆ ಹಂಚಿಕೊಳ್ಳಬಾರದೆಂದು 2021ರ ಜನವರಿಯಲ್ಲಿ ಮಧ್ಯಂತರ ಆದೇಶವಿತ್ತಿತು. ಇಷ್ಟೆಲ್ಲ ಆಗುವಷ್ಟರಲ್ಲಿ ರೋಗವು ಪತ್ತೆಹಚ್ಚುವ ಹಂತವನ್ನೇ ಮೀರಿ ಹರಡಿತ್ತು. ಎರಡನೆಯ ಅಲೆಯ ದಿನಗಳಲ್ಲಿ ನಾವು ಕೇಳುತ್ತಿದ್ದದ್ದು ಯಾರಿಂದ ಬಂತೆಂದಲ್ಲ, ಯಾವ ಮನೆಗೆ ಔಷಧ ಬೇಕೆಂದು.

ಆರೋಗ್ಯ ಸೇತು 2022ರಲ್ಲಿ ಆರೋಗ್ಯ ದಾಖಲೆಗಳನ್ನು ಇರಿಸಿಕೊಳ್ಳುವ ಬೇರೊಂದು ಸಾಧನವಾಗಿ ರೂಪಾಂತರಗೊಂಡಿತು. ಅದರೊಳಗಿನ ಸಂಪರ್ಕ ಶೋಧನೆಯ ಭಾಗವನ್ನು ನಿಲ್ಲಿಸಲಾಗಿದೆ, ಸಂಗ್ರಹಿಸಿದ ಮಾಹಿತಿಯನ್ನು ಅಳಿಸಲಾಗಿದೆ ಎಂದು ಸರಕಾರವು 2023ರಲ್ಲಿ ಲೋಕಸಭೆಗೆ ತಿಳಿಸಿತು. ಇಂಗ್ಲೆಂಡು, ಜರ್ಮನಿಗಳ ಆ್ಯಪುಗಳೂ ಅದೇ ವರ್ಷ ಕಣ್ಣು ಮುಚ್ಚಿದವು. ಆರೋಗ್ಯ ಸೇತುವಿನ ವಿಷಯದಲ್ಲಿ ಎಷ್ಟೇ ಆಕ್ಷೇಪಗಳಿದ್ದರೂ, ಮಾಹಿತಿಯನ್ನು ಸಾಮಾನ್ಯವಾಗಿ 180 ದಿನಗಳಿಗಿಂತ ಹೆಚ್ಚು ಇರಿಸಿಕೊಳ್ಳಬಾರದೆಂಬ ನಿಯಮವನ್ನು 2020ರ ಮೇ ತಿಂಗಳಲ್ಲಿಯೇ ಬರೆದಿಟ್ಟಿದ್ದರು ಎಂಬುದನ್ನು ಮೆಚ್ಚಲೇಬೇಕು.

ನಮ್ಮ ನೋಟ್ ಪುಸ್ತಕಕ್ಕೆ ಅಂಥ ನಿಯಮವೇನೂ ಇರಲಿಲ್ಲ. ಮೂರು ಪುಸ್ತಕಗಳು ತುಂಬಿದ್ದವು; ಯಾರ ಮನೆಗೆ ಯಾರು ಯಾವ ದಿನ ಯಾವ ಹೊತ್ತಿಗೆ ಬಂದರೆಂಬುದು, ಬಳೆಯಂಥ ವಿಷಯಗಳನ್ನು ಬಿಟ್ಟರೆ, ಅವುಗಳಲ್ಲಿ ನಮ್ಮ ಅಕ್ಷರದಲ್ಲಿಯೇ ಇದೆ. ಕರ್ತವ್ಯ ಮುಗಿದ ಮೇಲೆ ಇವುಗಳನ್ನೇನು ಮಾಡಬೇಕೆಂದು ಮೇಲಿನ ಕಚೇರಿಯೊಂದಕ್ಕೆ ಎರಡು ಸಲ ಬರೆದು ಕೇಳಿದೆವು. ಉತ್ತರ ಬರಲಿಲ್ಲ. ಶಾಲೆಯ ಕಪಾಟಿನಲ್ಲಿ, ಹಳೆಯ ಹಾಜರಿ ಪುಸ್ತಕಗಳ ಕೆಳಗೆ, ಬೀಗ ಹಾಕಿ ಇಟ್ಟಿದ್ದೇವೆ. ಬರುವ ಮೇ ತಿಂಗಳ ಕೊನೆಗೆ ನಮಗೆ ನಿವೃತ್ತಿ. ಕಪಾಟಿನ ಕೀಲಿಕೈಯನ್ನು ಹೊಸ ಮುಖ್ಯೋಪಾಧ್ಯಾಯರಿಗೆ ವಹಿಸಿಕೊಡುವಾಗ ಸಹಿ ಹಾಕಬೇಕಾದ ದಾಸ್ತಾನು ಪಟ್ಟಿಯಲ್ಲಿ ಆ ಮೂರು ಪುಸ್ತಕಗಳನ್ನು ಯಾವ ಹೆಸರಿನಿಂದ ಕಾಣಿಸುವುದೆಂದು ಇನ್ನೂ ತೀರ್ಮಾನವಾಗಿಲ್ಲ.